ಬೋಡಿಲ್ ಕಟ್ಟಿಸಿದ ಬಚ್ಚಲಮನೆ

ಶನಿವಾರ ಬಂತೆಂದರೆ ನಾರ್ವೆಯವರು ಗಡಿ ದಾಟಿ ನಮ್ಮ ಸ್ವೀಡನ್ನಿಗೆ ಬರುತ್ತಾರೆ. ಹಂದಿಮಾಂಸ, ಸಿಗರೇಟು, ಮಕ್ಕಳ ಮಿಠಾಯಿ, ಎಲ್ಲ ಇಲ್ಲಿ ಅಗ್ಗ. ಮಿಕ್ಕ ದಿನಗಳಲ್ಲಿ ನಾವು ಗಡಿ ದಾಟಿ ಅವರ ಕಡೆ ಹೋಗುತ್ತೇವೆ, ಅವರ ಅಪ್ಪ ಅಮ್ಮಂದಿರ ಮೈ ತೊಳೆಯಲು. ವೆರ್ಮ್‌ಲಾಂಡಿನ ನಮ್ಮ ಗಡಿಯ ಊರುಗಳಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಅಲ್ಲಿ ಸಂಬಳ ಹೆಚ್ಚು, ಇಲ್ಲಿ ಮಾಂಸ ಅಗ್ಗ, ಅಷ್ಟೇ. ಬೋಡಿಲ್ ಹಾಗೆ ಹೋದವಳು. ನಾನು, ಮೋನಾ, ಕಾರಿನಲ್ಲಿ ಅವಳ ಜೊತೆಗಾತಿ. ಒಂದು ವಾರ ಅವಳ ಕಾರು, ಒಂದು ವಾರ ನನ್ನದು.

ಬೋಡಿಲ್ ಹುಟ್ಟಿದ್ದು ಇದೇ ಊರಿನಲ್ಲಿ. ಶಾಲೆ ಬಿಟ್ಟ ಮೇಲೆ ಇಲ್ಲಿಯ ಹೊಲಿಗೆ ಕಾರ್ಖಾನೆ ಸೇರಿದಳು. ಗಂಡಸರ ಕೋಟಿಗೆ ಜೇಬು ಹೊಲಿಯುವ ಕೆಲಸ. ಕಾರ್ಖಾನೆ ಮುಚ್ಚಿತು, ಅರ್ಧ ಊರು ಕೈಚೆಲ್ಲಿ ಕೂತಿತು. ಇವಳು ಮಾತ್ರ ಮರುವಾರವೇ ನಾರ್ವೆಯ ಒಂದು ವೃದ್ಧಾಶ್ರಮಕ್ಕೆ ಹೋಗಿ ಕೆಲಸ ಕೇಳಿದಳಂತೆ. ಅವಳ ಗಂಡ ರೂನೆ ಅದಕ್ಕೂ ಮುಂಚಿನಿಂದಲೇ ಓಸ್ಲೋದಲ್ಲಿ ಕ್ರೇನ್ ಓಡಿಸುತ್ತಿದ್ದ. ಸೋಮವಾರ ಹೋದರೆ ಶುಕ್ರವಾರ ಬರುವ ಗಂಡ.

"ವಾರಕ್ಕೆ ಎರಡೇ ದಿನ ಸಿಗೋ ಗಂಡ ಕಣೇ, ಜಗಳ ಆಡೋಕೆ ಟೈಮೇ ಸಿಗ್ಲಿಲ್ಲ. ಅದಕ್ಕೇ ಇಷ್ಟು ವರ್ಷ ಬಾಳಿದ್ದು" ಎಂದು ಅವಳು ನಗುತ್ತಿದ್ದಳು. ಮಕ್ಕಳಾಗಲಿಲ್ಲ. ಆ ಮಾತನ್ನು ಅವಳು ಎತ್ತಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಕಡೆ ಕೇಳುವುದಿಲ್ಲ. ಪಕ್ಕದ ಮನೆಗೆ ಬೆಂಕಿ ಬಿದ್ದರೂ ಮೂಗು ತೂರಿಸಿದ ಹಾಗಾಗುತ್ತದೇನೋ ಎಂದು ಯೋಚಿಸಿ ಹೋಗುವ ಜನ ನಾವು.

ಕೆಲಸದಲ್ಲಿ ಅವಳಿಗೆ ಸಮಾನರಿಲ್ಲ ಎಂದು ಹೇಳಿದರೆ ಹೊಗಳಿಕೆ ಅಲ್ಲ. ಮುದುಕರಿಗೆ ಸ್ನಾನ ಮಾಡಿಸುವಾಗ ಮೈಯ ಒಂದು ಭಾಗ ತೊಳೆದು, ಒರೆಸಿ, ಮುಚ್ಚಿ, ಆಮೇಲೆ ಇನ್ನೊಂದು ಭಾಗ. ಯಾರನ್ನೂ ಅವಳು ಪೂರ್ತಿ ಬತ್ತಲೆ ಮಾಡಿದ್ದನ್ನು ನಾನು ಕಂಡಿಲ್ಲ. ಹೊಸ ಹುಡುಗಿಯರು ಅವಸರ ಮಾಡಿದರೆ, "ಕಾರು ತೊಳೀತಿದೀಯೇನೇ?" ಎಂದು ಗದರುತ್ತಿದ್ದಳು.

ಮೂರು ವರ್ಷದ ಕೆಳಗೆ, ಅಕ್ಟೋಬರಿನಲ್ಲಿ, ರೂನೆ ಹಿತ್ತಲಲ್ಲಿ ಸೌದೆ ಒಡೆಯುತ್ತಾ ಕುಸಿದ. ಲಕ್ವ. ಬಲಗಡೆ ಪೂರ್ತಿ ಹೋಯಿತು, ಮಾತೂ ಹೋಯಿತು. ಉಳಿದದ್ದು ಒಂದೇ ಶಬ್ದ, "ಸೈತಾನ್". ಕಾಫಿ ಚೆನ್ನಾಗಿದ್ದರೂ ಸೈತಾನ್, ತಣ್ಣಗಾಗಿದ್ದರೂ ಸೈತಾನ್. ಕ್ರೇನಿನ ಮೇಲೆ ಕೂತು ಮೂವತ್ತು ವರ್ಷ ಬೈದ ನಾಲಿಗೆ, ಬೈಗುಳವನ್ನು ಮಾತ್ರ ಉಳಿಸಿಕೊಂಡಿತ್ತು. ಆಸ್ಪತ್ರೆಯಿಂದ ಅವನನ್ನು ಪಟ್ಟಣದಲ್ಲಿರುವ ಪುರಸಭೆಯ ಆರೈಕೆ ಮನೆಗೆ ಸಾಗಿಸಿದರು. ಹೃದಯವೂ ಸೋತಿದೆ, ಬೇಸಿಗೆ ನೋಡುತ್ತಾನೋ ಇಲ್ಲವೋ ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು.

ಒಂದು ದಿನ ಬೋಡಿಲ್ ಹೇಳದೆ ಕೇಳದೆ ಬೆಳಿಗ್ಗೆಯೇ ಅಲ್ಲಿಗೆ ಹೋದಳು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಅಲ್ಲಿಯ ಇಬ್ಬರು ಎಳೆಯ ಸಹಾಯಕರು ರೂನೆಯ ಮೈ ತೊಳೆಯುತ್ತಿದ್ದರು. ಒಳ್ಳೆಯ ಮಕ್ಕಳೇ, ಒರಟೇನಲ್ಲ. ಆದರೆ ರೂನೆ ಕಣ್ಣು ಬಿಗಿಯಾಗಿ ಮುಚ್ಚಿ, ಮುಖವನ್ನು ಗೋಡೆಗೆ ತಿರುಗಿಸಿಕೊಂಡಿದ್ದ. ಅವರು ಮುಗಿಸಿ ಹೊರಗೆ ಬರುವವರೆಗೂ ಹಾಗೇ ಇದ್ದ. ಇದನ್ನು ಅವಳು ನನಗೆ ಕಾರಿನಲ್ಲಿ ಹೇಳಿದಳು. ಹೇಳಿ, ರಸ್ತೆಯ ಪಕ್ಕಕ್ಕೆ ಗಾಡಿ ನಿಲ್ಲಿಸಿದಳು.

"ನಾರ್ವೆಯವರನ್ನೆಲ್ಲ ನಾನು ತೊಳೀತೀನಿ. ನನ್ನ ಗಂಡನ್ನ ಯಾರೋ ತೊಳೀತಾರೆ. ಇದೆಂಥಾ ಬದುಕೇ ಮೋನಾ?"

"ಮನೆಗೆ ಕರ್ಕೊಂಡು ಬಾ ಮತ್ತೆ" ಎಂದೆ.

"ಬರ್ತೀನಿ. ಅವನು ಸಾಯೋದು ನನ್ನ ಕೈಯಲ್ಲೇ."

ಮನೆಯಲ್ಲಿ ಬಚ್ಚಲು ಇದ್ದದ್ದು ಮಹಡಿಯ ಮೇಲೆ, ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯಲಾಗದ ಮೆಟ್ಟಿಲು. ಕೆಳಗೆ ಮೆಟ್ಟಿಲ ಅಡಿಯಲ್ಲಿ ಪುಟ್ಟ ಕಕ್ಕಸು, ಅದಕ್ಕೆ ತಾಗಿ ಉಗ್ರಾಣ. ಎರಡನ್ನೂ ಒಡೆದು ಗಾಲಿಕುರ್ಚಿ ಹೋಗುವಂಥ ಬಚ್ಚಲಮನೆ ಮಾಡಬೇಕು. ಪುರಸಭೆ ಹಿಡಿಕೆ, ಇಳಿಜಾರು ಹಲಗೆ ಇಂಥವಕ್ಕೆ ಸಹಾಯ ಕೊಡುತ್ತದೆ. ನೆಲದಡಿಯ ಹಳೆಯ ಕೊಳವೆಗೆ ಕೊಡುವುದಿಲ್ಲ. ಕೊಳವೆ ಹಳತಾದದ್ದು ರೂನೆಯ ಕಾಯಿಲೆಯಿಂದ ಅಲ್ಲವಲ್ಲ. ಅದು ಮನೆಯವರ ತಾಪತ್ರಯ.

ಆಗ ಸ್ಟಿಗ್ ಬಂದ. ಊರಿನ ಕಟ್ಟಡದ ಮೇಸ್ತ್ರಿ, ಬೋಡಿಲ್ ಜೊತೆ ಶಾಲೆ ಕಲಿತವನು. ಅಡುಗೆಮನೆಯ ಮೇಜಿನಲ್ಲಿ ಕಾಫಿ, ದಾಲ್ಚಿನ್ನಿ ಬನ್ನು ಇಟ್ಟುಕೊಂಡು ಮಾತಾಯಿತು. ನಮ್ಮಲ್ಲಿ ಮನೆ ದುರಸ್ತಿ ಮಾಡಿಸಿದರೆ ಕೂಲಿಯ ಒಂದು ಭಾಗವನ್ನು ಸರ್ಕಾರ ತೆರಿಗೆಯಲ್ಲಿ ಬಿಟ್ಟುಕೊಡುತ್ತದೆ. ಮೇಸ್ತ್ರಿ ಬಿಲ್ಲಿನಲ್ಲೇ ಅಷ್ಟನ್ನು ಕಳೆದು ಕೇಳುತ್ತಾನೆ, ಕಳೆದದ್ದನ್ನು ಆಮೇಲೆ ತೆರಿಗೆ ಇಲಾಖೆಯಿಂದ ಪಡೆಯುತ್ತಾನೆ. ಊರಿನಲ್ಲಿ ಯಾರ ಮನೆಯ ಚಾವಣಿ ಹೊಸದಾಗಿದೆಯೋ ಅದರ ಹಿಂದೆಲ್ಲ ಈ ರಿಯಾಯಿತಿ ಇದೆ.

"ತೆರಿಗೆ ಇಲ್ಲೇ ತಾನೇ ನೀನು ಕಟ್ಟೋದು?" ಸ್ಟಿಗ್ ಕೇಳಿದ.

"ಇಲ್ದೆ ಮತ್ತೆ? ದಿನಾ ಇಲ್ಲೇ ತಾನೇ ಬಂದು ಮಲಗೋದು? ಎಂಥಾ ಹಿಮ ಬೀಳ್ಲಿ, ಬಂದೇ ಬರ್ತೀನಲ್ಲ."

ನಾನು ಅಲ್ಲೇ ಕೂತು ಬನ್ನು ತಿನ್ನುತ್ತಿದ್ದೆ. ನನಗೂ ಆ ಉತ್ತರ ಸರಿಯಾಗಿಯೇ ಕೇಳಿಸಿತು. ಗಡಿಯ ಜನ ಎಲ್ಲರೂ ಹೇಳುವ ಉತ್ತರ ಅದು. ಎಲ್ಲಿ ಮಲಗುತ್ತೇವೋ ಅಲ್ಲಿಯವರು ನಾವು.

ನಿಜ ಏನೆಂದರೆ, ನಾವು ಮೊದಲು ಕೆಲಸ ಮಾಡುತ್ತಿದ್ದ ಆಶ್ರಮ ಗಡಿಗೆ ತಾಗಿದ ಪುರಸಭೆಯಲ್ಲಿತ್ತು. ಗಡಿಯ ಈ ಮಗ್ಗುಲಲ್ಲಿ ಮಲಗಿ ಆ ಮಗ್ಗುಲಲ್ಲಿ ದುಡಿಯುವವರ ತೆರಿಗೆ ಮನೆಯಿರುವ ದೇಶಕ್ಕೇ ಬರುತ್ತದೆ. ಆಮೇಲೆ ಆ ಆಶ್ರಮ ಮುಚ್ಚಿ, ನಮ್ಮನ್ನೆಲ್ಲ ಅದರಾಚೆಯ ಪುರಸಭೆಯ ಹೊಸ ಕಟ್ಟಡಕ್ಕೆ ಕಳಿಸಿದರು. ಅದೇ ರಸ್ತೆ, ಅದೇ ಮುದುಕರು, ಇನ್ನೊಂದು ಕೆರೆ ದಾಟಿದರೆ ಆಯಿತು. ಆದರೆ ಆ ಪುರಸಭೆ ಗಡಿಗೆ ತಾಗುವುದಿಲ್ಲ. ಅಂದಿನಿಂದ ನಮ್ಮ ತೆರಿಗೆ ನಾರ್ವೆಯ ಪಾಲು. ಸಂಬಳದ ಚೀಟಿಯಲ್ಲಿ ಏನೋ ಬದಲಾಗಿದೆ ಎಂದು ಬೋಡಿಲ್ ಒಮ್ಮೆ ಹೇಳಿದ್ದಳು. "ಎರಡೂ ಕಡೆಯೋರು ಮಾತಾಡ್ಕೊಂಡು ಸರಿ ಮಾಡ್ಕೋತಾರೆ ಬಿಡು" ಎಂದು ತಾನೇ ಸಮಾಧಾನ ಹೇಳಿಕೊಂಡಿದ್ದಳು. ಇನ್ನು ರೂನೆಯ ಹೆಸರಿನಲ್ಲಿ ಕೇಳೋಣವೆಂದರೆ ಅವನ ಜೀವಮಾನದ ದುಡಿಮೆ ಓಸ್ಲೋದ್ದು, ಕಾಯಿಲೆಯ ಭತ್ಯೆಯೂ ಅಲ್ಲಿಯದೇ, ಅದರ ತೆರಿಗೆಯೂ ಅಲ್ಲಿಗೇ.

ಫೆಬ್ರವರಿಯಲ್ಲಿ ಕೆಲಸ ಶುರುವಾಯಿತು. ಸ್ಟಿಗ್ ಮತ್ತು ಅವನ ಇಬ್ಬರು ಆಳುಗಳು ಉಗ್ರಾಣದ ಗೋಡೆ ಕೆಡವಿದರು, ನೆಲ ಅಗೆದರು, ಹಳೆಯ ಕೊಳವೆ ಕಿತ್ತರು, ಕಕ್ಕಸನ್ನು ಎತ್ತಿ ಅಂಗಳದಲ್ಲಿಟ್ಟರು. ಬೋಡಿಲ್ ದಿನವೂ ಕೆಲಸದಿಂದ ಬಂದು ಆ ಗುಂಡಿಯ ಅಂಚಿನಲ್ಲಿ ನಿಂತು ನೋಡುತ್ತಿದ್ದಳು. ಅವಳು ಅಷ್ಟು ಖುಷಿಯಾಗಿದ್ದನ್ನು ನಾನು ಬಹಳ ದಿನದಿಂದ ಕಂಡಿರಲಿಲ್ಲ. ಅಷ್ಟರಲ್ಲಿ ತೆರಿಗೆ ಇಲಾಖೆಯಿಂದ ಸ್ಟಿಗ್‌ಗೆ ಉತ್ತರ ಬಂತು. ರಿಯಾಯಿತಿ ಇಲ್ಲ.

ಊಟದ ಬಿಡುವಿನಲ್ಲಿ ಅವಳು ಕಾರಿನಲ್ಲಿ ಕೂತು ಇಲಾಖೆಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದಳು, ನಾನು ಪಕ್ಕದಲ್ಲಿದ್ದೆ. ಆ ಕಡೆಯ ಹುಡುಗಿಯ ದನಿ ಮೃದುವಾಗಿತ್ತು.

"ನಾನು ಸ್ವೀಡನ್ ಪ್ರಜೆ" ಎಂದಳು ಬೋಡಿಲ್. "ಇಲ್ಲೇ ಹುಟ್ಟಿದ್ದು, ಇಲ್ಲೇ ಓಟು ಹಾಕೋದು. ಮನೆಯೂ ಇಲ್ಲೇ ಇರೋದು."

"ಅದೆಲ್ಲ ಸರಿ. ಆದ್ರೆ ಪ್ರಜೆ ಹೌದೋ ಅಲ್ವೋ ಅನ್ನೋದು ಇಲ್ಲಿ ಲೆಕ್ಕಕ್ಕೆ ಬರಲ್ಲ. ಈ ರಿಯಾಯಿತಿ ನೀವು ಇಲ್ಲಿ ಕಟ್ಟಿರೋ ತೆರಿಗೆಯಲ್ಲಿ ಕಳೆಯೋದು. ಇಲ್ಲಿ ಕಟ್ಟಿಲ್ಲ ಅಂದ್ರೆ ಯಾವುದರಲ್ಲಿ ಕಳೆಯೋದು, ನೀವೇ ಹೇಳಿ."

"ನಾನೇನು ಕದ್ದಿಲ್ಲ. ತೆರಿಗೆ ಕಟ್ಟಿದೀನಿ."

"ಕಟ್ಟಿದೀರಿ. ನಾರ್ವೆಗೆ ಕಟ್ಟಿದೀರಿ."

"ಹಾಗಾದ್ರೆ ನಾರ್ವೆಯೋರು ಕೊಡ್ತಾರಾ?"

"ಅದನ್ನ ಅವರನ್ನೇ ಕೇಳ್ಬೇಕು."

ಕೇಳಿದೆವು. ನಮ್ಮ ಆಶ್ರಮದ ಮೇಲ್ವಿಚಾರಕಿ ಮಾರಿತ್, ಒಳ್ಳೆಯ ಹೆಂಗಸು, "ನಮ್ಮಲ್ಲಿ ಅಂಥಾ ರಿಯಾಯಿತೀನೇ ಇಲ್ಲ ಕಣ್ರೇ, ನೀವು ಸ್ವೀಡನ್ನೋರು ಪುಣ್ಯವಂತರು" ಎಂದು ನಕ್ಕಳು. ಬೋಡಿಲ್ ಕೂಡ ನಕ್ಕಳು, ಇನ್ನೇನು ಮಾಡುವುದು?

ಇಲಾಖೆಯ ಆ ಹುಡುಗಿ ಹೇಳಿದ್ದರಲ್ಲಿ ತಪ್ಪಿಲ್ಲ. ನನಗೆ ಹೊಟ್ಟೆ ಉರಿಯುವುದೇ ಅದಕ್ಕೆ. ತಪ್ಪು ಹುಡುಕಿ ನಾಲ್ಕು ಮಾತು ಬೈದು ಹಗುರಾಗೋಣವೆಂದರೆ ತಪ್ಪೇ ಸಿಗುವುದಿಲ್ಲ. ಚುನಾವಣೆ ಬಂದಾಗ ನಾವು ಇಲ್ಲಿಯವರು, ಮನೆಗೆ ಕರಪತ್ರ ಹಿಡಿದು ಬಂದು ಬಾಗಿಲು ತಟ್ಟುತ್ತಾರೆ. ಕೊಡುವ ಹೊತ್ತಿಗೆ ನಾವು ಅಲ್ಲಿಯವರು. ಅಲ್ಲಿ ನಾವು ಯಾರು ಎಂದರೆ, ಅಲ್ಲಿ ನಾವು ಸ್ವೀಡನ್ನಿನ ಹೆಂಗಸರು.

ಸ್ಟಿಗ್ ಬಂದು ಅಡುಗೆಮನೆಯ ಬಾಗಿಲಲ್ಲೇ ನಿಂತ. ಟೋಪಿ ಕೈಯಲ್ಲಿತ್ತು, ಒಳಗೆ ಬಂದು ಕೂರಲಿಲ್ಲ.

"ಬೋಡಿಲ್, ನಾನು ಹೇಗೆ ಹೇಳ್ಲಿ? ಇಬ್ಬರು ಆಳುಗಳಿಗೆ ವಾರ ವಾರ ಕೊಡ್ಬೇಕು. ಹೋದ ವರ್ಷಾನೂ ಇಂಥದ್ದೇ ಒಂದು ನನ್ನ ತಲೆ ಮೇಲೆ ಬಿತ್ತು. ಇನ್ನೊಂದು ಬಿದ್ರೆ ಬಾಗ್ಲು ಹಾಕ್ಕೊಂಡು ಹೋಗ್ಬೇಕಾಗುತ್ತೆ."

"ನಿನ್ನನ್ನ ಯಾರು ದೂರ್ತಿದಾರೆ ಈಗ? ಕಾಫಿ ಕುಡಿ."

"ಬಿಲ್ಲಿನಲ್ಲಿ ಕಳೆದ ದುಡ್ಡು ಈಸ್ಟರ್ ಹೊತ್ತಿಗೆ ಹೊಂದುತ್ತೆ ಅಂತ ಗೊತ್ತಾಗೋವರೆಗೆ ಕೆಲಸ ನಿಲ್ಲಿಸ್ಬೇಕು. ಹೊಂದಿದ್ರೆ, ಹಬ್ಬ ಕಳೆದ ವಾರಾನೇ ಮುಗಿಸಿ ಕೊಡ್ತೀನಿ. ಬೇರೆಯವರ ಕೆಲಸ ಹಿಂದೆ ಹಾಕಿ ಬರ್ತೀನಿ. ಮಾತು ಕೊಡ್ತೀನಿ."

ಬ್ಯಾಂಕು ಕೊಡುವಷ್ಟು ಕೊಟ್ಟಾಗಿತ್ತು. ನಮ್ಮೂರಿನ ಮನೆಗಳಿಗೆ ಬ್ಯಾಂಕಿನವರು ಬೆಲೆಯನ್ನೇ ಕಟ್ಟುವುದಿಲ್ಲ. ಆ ವಾರವೇ ಪುರಸಭೆಯಿಂದ ಒಬ್ಬ ಹುಡುಗಿ ಬಂದಳು, ರೋಗಿಯನ್ನು ಮನೆಗೆ ಕಳಿಸಬಹುದೋ ಎಂದು ನೋಡುವವಳು. ಗುಂಡಿಯ ಮೇಲೆ ಹಾಕಿದ್ದ ಹಲಗೆಯ ಮೇಲೆ ಹೆದರುತ್ತಾ ಕಾಲಿಟ್ಟು, ಹಿಂದಕ್ಕೆ ತೆಗೆದುಕೊಂಡಳು. ಕೆಳಗೆ ನೀರಿಲ್ಲ, ಕಕ್ಕಸಿಲ್ಲ, ನೆಲವೇ ಇಲ್ಲ. "ಈ ಸ್ಥಿತೀಲಿ ಅವರನ್ನ ಕಳ್ಸೋಕಾಗಲ್ಲ. ಇದು ಮುಗೀಲಿ, ಮಾರನೇ ದಿನಾನೇ ಕಳಿಸ್ತೀವಿ" ಎಂದಳು.

ಏನನ್ನೂ ಮುಟ್ಟದೆ ಸುಮ್ಮನಿದ್ದಿದ್ದರೆ ರೂನೆ ಯಾವತ್ತೋ ಮನೆಗೆ ಬಂದಿರುತ್ತಿದ್ದ. ಒಂದು ಮಂಚ, ಒಂದು ಬೋಗುಣಿ, ಬೋಡಿಲ್‌ಳ ಎರಡು ಕೈ, ಸಾಕಾಗಿತ್ತು. ಇದು ನನಗೆ ಹೊಳೆದಾಗ ಬಾಯಿಗೆ ಬೀಗ ಹಾಕಿಕೊಂಡೆ. ಅವಳಿಗೆ ನನಗಿಂತ ಮೊದಲೇ ಹೊಳೆದಿತ್ತು ಎಂದು ಅವಳ ಮುಖ ಹೇಳುತ್ತಿತ್ತು.

ಈಸ್ಟರ್ ಬಂದರೆ ನಾರ್ವೆಯವರು ಮನೆಗಳಲ್ಲಿರುವುದಿಲ್ಲ. ಕಿತ್ತಳೆ, ಚಾಕೊಲೇಟು ಕಟ್ಟಿಕೊಂಡು ಬೆಟ್ಟದ ಗುಡಿಸಲುಗಳಿಗೆ ಹೋಗಿ ಹಿಮದ ಮೇಲೆ ಜಾರುತ್ತಾರೆ. ಆಶ್ರಮದ ಅವರ ನೌಕರರೂ ಹೋಗುತ್ತಾರೆ. ಆ ದಿನಗಳ ಪಾಳಿಗೆ ಸಂಬಳ ದುಪ್ಪಟ್ಟು, ಅದನ್ನು ಮಾಡುವವರು ನಾವು. ಸ್ಟಿಗ್‌ಗೆ ಕೊಡಬೇಕಾದ ದುಡ್ಡಿಗಾಗಿ ಬೋಡಿಲ್ ಹಬ್ಬದ ಅಷ್ಟೂ ಪಾಳಿಗಳನ್ನು ತನ್ನ ಹೆಸರಿಗೆ ಬರೆಸಿದಳು. ಕಾರಿನಲ್ಲಿ ನಮಗೆ ಜಗಳವಾಯಿತು.

"ತಲೆ ಕೆಟ್ಟಿದೆಯಾ ನಿನಗೆ? ರಜೆ ಹಾಕಿ ಅವನ ಹತ್ರ ಹೋಗಿ ಕೂತ್ಕೋ. ಅವನಿಗೆ ಬೇಕಿರೋದು ಬಚ್ಚಲಲ್ಲ, ನೀನು."

"ಕೂತ್ಕೊಂಡು ಏನು ಮಾಡ್ಲಿ? ಅವರು ಅವನನ್ನ ತೊಳಿಯೋಕೆ ಬಂದಾಗ ಎದ್ದು ಹೊರಗೆ ನಿಲ್ಲಲಾ?"

"ಅವರನ್ನ ಕೇಳು, ನಾನೇ ತೊಳೀತೀನಿ ಅನ್ನು."

"ಕೇಳ್ದೆ ಕಣೇ. ಎತ್ತೋ ಯಂತ್ರ ಅವರದ್ದು, ಜವಾಬ್ದಾರಿ ಅವರದ್ದು, ಹೊರಗಿನೋರು ಮುಟ್ಟೋ ಹಾಗಿಲ್ವಂತೆ. ಆ ಯಂತ್ರಾನ ನಾನು ದಿನಾ ಮುಟ್ತೀನಿ, ಅದೂ ಹೇಳ್ದೆ. ಅದು ನಾರ್ವೆಯಲ್ಲಿ ಅಂದ್ರು."



ಹಬ್ಬದ ಹಿಂದಿನ ಭಾನುವಾರ ಅವಳ ಜೊತೆ ನಾನೂ ರೂನೆಯನ್ನು ನೋಡಲು ಹೋದೆ. ಇಳಿದುಹೋಗಿದ್ದ. ಬೋಡಿಲ್ ಅವನ ಕಿವಿಯ ಹತ್ತಿರ ಬಗ್ಗಿ, "ಈ ಹಬ್ಬ ಒಂದು ಕಳೀಲಿ ರೂನೆ. ಮನೆಗೆ ಹೋಗೋಣ. ನಾನೇ ಸ್ನಾನ ಮಾಡಿಸ್ತೀನಿ, ಬೇರೆ ಯಾರೂ ಮುಟ್ಟಲ್ಲ" ಎಂದಳು. ಅವನು ಅವಳ ಕೋಟಿನ ತೋಳಿನ ಅಂಚನ್ನು ಎಡಗೈಯಲ್ಲಿ ಹಿಡಿದ. "ಸೈತಾನ್" ಎಂದ, ತೀರಾ ಮೆಲ್ಲಗೆ. ಹಿಡಿದ ಬೆರಳುಗಳನ್ನು ಅವಳೇ ಒಂದೊಂದಾಗಿ ಬಿಡಿಸಬೇಕಾಯಿತು. ನನಗೆ ನೋಡಲಾಗದೆ ಹೊರಗೆ ಬಂದುಬಿಟ್ಟೆ.

ಹಬ್ಬದ ಶನಿವಾರ. ಆಶ್ರಮದಲ್ಲಿ ಹಾಲ್ವರ್ ಎಂಬ ಮುದುಕ ಎರಡು ದಿನದಿಂದ ಉಸಿರು ಎಳೆಯುತ್ತಿದ್ದ. ಮಕ್ಕಳು ಬೆಟ್ಟದ ಮೇಲೆ, ರಸ್ತೆಯಲ್ಲಿ ಹಿಮ, ಸಂಜೆಗೆ ಬರುತ್ತೇವೆ ಎಂದಿದ್ದರು. ಯಾರೂ ಒಂಟಿಯಾಗಿ ಸಾಯಬಾರದು ಎಂಬುದು ಆ ಆಶ್ರಮದ ನಿಯಮ. ಮಾರಿತ್ ಬೋಡಿಲ್‌ಳನ್ನೇ ಕರೆದು, "ನೀನು ಅವರ ಹತ್ರ ಕೂತ್ಕೋ. ನಿನ್ನ ಕೈ ಹಿಡ್ಕೊಂಡ್ರೆ ಅವರು ಶಾಂತವಾಗಿರ್ತಾರೆ" ಎಂದಳು. ಬೋಡಿಲ್ ಬೆಳಗಿನಿಂದ ಅಲ್ಲೇ ಕೂತಳು. ತುಟಿ ಒದ್ದೆ ಮಾಡುತ್ತಾ, ಹಣೆ ಒರೆಸುತ್ತಾ, ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು. ಕೆಲಸದ ಹೊತ್ತಿನಲ್ಲಿ ನಮ್ಮ ಫೋನುಗಳು ಬಟ್ಟೆ ಬದಲಿಸುವ ಕೋಣೆಯ ಕಪಾಟಿನಲ್ಲಿರುತ್ತವೆ. ಅದೂ ನಿಯಮ.

ಪಟ್ಟಣದ ಆರೈಕೆ ಮನೆಯವರು ಅವಳಿಗೆ ಮತ್ತೆ ಮತ್ತೆ ಫೋನ್ ಮಾಡಿದ್ದಾರೆ. ಕಪಾಟಿನೊಳಗೆ ಅದು ಬಡಿದುಕೊಂಡಿದೆ. ಕೊನೆಗೆ ಯಾರೋ ಆಶ್ರಮದ ನಂಬರು ಹುಡುಕಿ ಕಚೇರಿಗೆ ಮಾಡಿದರು. ಆ ಫೋನನ್ನು ಎತ್ತಿಕೊಂಡವಳು ನಾನು. ರೂನೆ ಹೋಗಿ ಒಂದು ಗಂಟೆಯ ಮೇಲಾಗಿತ್ತು.

ನಾನು ಹಾಲ್ವರ್‌ನ ಕೋಣೆಯ ಬಾಗಿಲಲ್ಲಿ ನಿಂತೆ. ಅವಳು ನನ್ನ ಮುಖ ನೋಡಿ, ಮುದುಕನ ಕೈಯನ್ನು ಹೊದಿಕೆಯ ಮೇಲೆ ಮೆತ್ತಗೆ ಇಟ್ಟು, "ಮಾರಿತ್‌ನ ಕರಿ. ಇವರನ್ನ ಒಬ್ಬರೇ ಬಿಟ್ಟು ಬರೋ ಹಾಗಿಲ್ಲ" ಎಂದಳು. ಮಾರಿತ್ ಬಂದು ಕೂತ ಮೇಲೆಯೇ ಎದ್ದಳು. ಹಾಲ್ವರ್ ಅಂದು ಸಾಯಲಿಲ್ಲ. ಸಂಜೆ ಕಣ್ಣು ಬಿಟ್ಟು ಹಣ್ಣಿನ ರಸ ಕೇಳಿದನಂತೆ, ಮಕ್ಕಳು ಬೆಟ್ಟದಿಂದ ಬಂದು ನೋಡಿದರಂತೆ. ಜೂನ್‌ವರೆಗೂ ಬದುಕಿದ. ಆ ಮುದುಕನನ್ನು ದ್ವೇಷಿಸಬಾರದು ಎಂದು ನನಗೆ ಗೊತ್ತು, ಆದರೂ ಕೆಲವು ದಿನ ದ್ವೇಷಿಸಿದೆ.

ಕಾರನ್ನು ನಾನೇ ಓಡಿಸಿದೆ. ಗಡಿಯ ಹತ್ತಿರ ಅಂಗಡಿಗೆ ಬಂದ ನಾರ್ವೆಯವರ ಕಾರುಗಳು ಸಾಲುಗಟ್ಟಿ ನಿಂತಿದ್ದವು. ನಮ್ಮ ಕಡೆಯ ಮೊದಲ ಊರಿನಲ್ಲಿ ಮಕ್ಕಳು ಹಬ್ಬದ ವೇಷ ಹಾಕಿ, ಕೆನ್ನೆಗೆ ಕೆಂಪು ಬಳಿದು, ತಲೆಗೆ ಅಜ್ಜಿಯರ ತಲೆವಸ್ತ್ರ ಕಟ್ಟಿಕೊಂಡು ಮನೆ ಮನೆಗೆ ಮಿಠಾಯಿ ಕೇಳಿಕೊಂಡು ಹೋಗುತ್ತಿದ್ದರು. ಅವರು ರಸ್ತೆ ದಾಟಲೆಂದು ಕಾರು ನಿಲ್ಲಿಸಿದೆ. ಬೋಡಿಲ್ ಅವರನ್ನು ನೋಡಲೇ ಇಲ್ಲ. ಸ್ಟಿಗ್ ಮಾತಿಗೆ ತಪ್ಪಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಹಬ್ಬ ಕಳೆದ ವಾರವೇ ಬಂದು ಮುಗಿಸಿದ. ಬಿಳಿಯ ಹಂಚು, ಎರಡೂ ಬದಿಗೆ ಹಿಡಿಕೆ, ಗಾಲಿಕುರ್ಚಿ ಸಲೀಸಾಗಿ ತಿರುಗುವಷ್ಟು ಜಾಗ. ಬೋಡಿಲ್ ಈಗಲೂ ಮಹಡಿಯ ಮೇಲೇ ಸ್ನಾನ ಮಾಡುತ್ತಾಳೆ.

ಆರೈಕೆ ಮನೆಯಲ್ಲಿ ಚಿಕ್ಕ ವಯಸ್ಸಿನ ಒಬ್ಬ ಸಹಾಯಕಿ ಬಾಗಿಲಲ್ಲೇ ಕಾಯುತ್ತಿದ್ದಳು. ಅತ್ತ ಕಣ್ಣು. "ನೀವು ಬರೋದು ತಡ ಆಗುತ್ತೆ ಅಂದ್ಕೊಂಡ್ವಿ. ಅದಕ್ಕೆ ನಾವೇ ತೊಳೆದು ಬಟ್ಟೆ ಹಾಕಿದ್ವಿ" ಎಂದಳು.

ರೂನೆಯನ್ನು ಅಂಗಾತ ಮಲಗಿಸಿದ್ದರು. ಇಸ್ತ್ರಿ ಮಾಡಿದ ಅಂಗಿ, ಒದ್ದೆಯಾಗಿ ಬಾಚಿದ ಕೂದಲು. ಬೋಡಿಲ್ ಅಳುತ್ತಾಳೆ ಎಂದು ನಾನು ಹಿಂದೆಯೇ ನಿಂತಿದ್ದೆ. ಅವಳು ಅಳಲಿಲ್ಲ. ಹೊದಿಕೆ ಸರಿಸಿ ಕಾಲ್ಬೆರಳುಗಳ ಸಂದು ನೋಡಿದಳು. ಲಕ್ವ ಹೊಡೆದು ಮಡಚಿಕೊಂಡಿದ್ದ ಬಲ ಅಂಗೈಯನ್ನು ಬಿಡಿಸಿ ಒಳಗೆ ನೋಡಿದಳು. ತಲೆಯನ್ನು ಒಂದಿಷ್ಟು ಎತ್ತಿ ಕಿವಿಯ ಹಿಂದೆ ಬೆರಳಾಡಿಸಿದಳು. ಆಶ್ರಮದಲ್ಲಿ ಹೊಸ ಹುಡುಗಿಯರ ಕೆಲಸವನ್ನು ಅವಳು ಹೀಗೇ ನೋಡುವುದು. ಬೈಯಲು ಏನಾದರೂ ಸಿಗಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಒಂದು ಕಡೆ ಸೋಪು ಉಳಿದಿರಲಿ, ಒಂದು ಉಗುರಿನ ಸಂದಿನಲ್ಲಿ ಕೊಳೆ ಇರಲಿ, ಇವಳು ಬೋಗುಣಿ ತರಿಸಲಿ.

ಅವಳು ಹೊದಿಕೆಯನ್ನು ಅವನ ಎದೆಯವರೆಗೆ ಎಳೆದು ಸರಿಮಾಡಿದಳು.

"ಚೆನ್ನಾಗಿ ಮಾಡಿದೀರಮ್ಮ" ಎಂದಳು ಆ ಹುಡುಗಿಗೆ. "ನನಗೇನೂ ಉಳಿಸಿಲ್ಲ ನೀವು."